ರಾಹುಕಾಲದ ಟೆಸ್ಟಿಂಗು

ಎಂಬತ್ತರ ದಶಕದ ಕೊನೆಯಲ್ಲಿ ಮುಂಬಯಿಯ ಮಲಾಡಿನ ಒಂದು ಪುಟ್ಟ ಆಫೀಸಿನಲ್ಲಿ ನಾವು ನಾಲ್ಕು ಜನ ಒಂದು ಕಾರ್ಖಾನೆಯ ಹಾಜರಿಗೆ ಪ್ರೋಗ್ರಾಮ್ ಬರೆಯುತ್ತಿದ್ದೆವು. ಎಲ್ಲರೂ ಬರೆದ ತುಂಡುಗಳನ್ನು ಕೂಡಿಸಿ, ಓಡಿಸಿ, ತಪ್ಪು ಹುಡುಕುವ ಕರ್ಮ ನನ್ನದು. ಸಾಕಾಗಿಹೋಗಿ, ಅದನ್ನೆಲ್ಲ ಗಂಟೆಗೊಮ್ಮೆ ಕಂಪ್ಯೂಟರೇ ತಾನಾಗಿ ಮಾಡಿಕೊಳ್ಳುವ ಹಾಗೆ ಏರ್ಪಾಡು ಮಾಡಿದೆ.

ಗಂಟೆಗೊಮ್ಮೆ ಅದು ಫೇಲ್ ಆಗತೊಡಗಿತು. ಯಾವಾಗ ನೋಡಿದರೂ ಯಾರೋ ಒಬ್ಬ ಮಹಾನುಭಾವ ತನ್ನ ಪ್ರೋಗ್ರಾಮನ್ನು ಅರ್ಧಕ್ಕೇ ಬಿಟ್ಟು ಫೋನಿನಲ್ಲಿ ಹರಟುತ್ತಿರುತ್ತಿದ್ದ. ಬೈದು ಬೈದು ನನ್ನ ಗಂಟಲು ಕಟ್ಟಿತು.

ಹೆಚ್ಚುಕಡಿಮೆ ದಿನಕ್ಕೊಂದು ಸಲ ಮಾತ್ರ ಎಲ್ಲವೂ ಸರಿಯಾಗಿ ಓಡುತ್ತಿತ್ತು. ಅದು ರಾಹುಕಾಲದಲ್ಲಿ! ನಮ್ಮ ಬಾಸು ಮೈಸೂರಿನವರು. ಆ ಹೊತ್ತಿನಲ್ಲಿ ಯಾರೂ ಹೊಸದೇನನ್ನೂ ಶುರು ಮಾಡಕೂಡದೆಂದು ಅವರ ಕಟ್ಟಪ್ಪಣೆ. ಹಾಗಾಗಿ ಎಲ್ಲರೂ ಅದಕ್ಕೆ ಮುಂಚೆಯೇ ಬರೆದದ್ದನ್ನು ಮುಗಿಸಿಟ್ಟು, ಕೆಳಗಿನ ಗಾಡಿಯಲ್ಲಿ ವಡಾಪಾವ್ ತಿನ್ನಲು ಹೊರಟುಬಿಡುತ್ತಿದ್ದರು.

ಜಗಳಕ್ಕೆ ಸಿದ್ಧಳಾಗಿಯೇ ಬಾಸಿನ ಮುಂದೆ ನಿಂತೆ. "ಸಾರ್, ಇನ್ಮೇಲೆ ಟೆಸ್ಟಿಂಗನ್ನ ರಾಹುಕಾಲದಲ್ಲಿ ಮಾತ್ರ ಇಟ್ಕೊಳ್ಳೋಣ."

ಅವರು ಒಮ್ಮೆ ಗೋಡೆಯ ಕ್ಯಾಲೆಂಡರನ್ನು, ಒಮ್ಮೆ ನನ್ನನ್ನು ನೋಡಿದರು. "ಬಟನ್ ಯಾರು ಒತ್ತೋದು?"

"ಯಾರೂ ಇಲ್ಲ ಸಾರ್. ಅದೇ ಶುರು ಮಾಡ್ಕೊಳ್ಳತ್ತೆ."

"ಹಾಗಾದ್ರೆ ನಮ್ಮದೇನು ಹೋಗತ್ತಮ್ಮ?" ಬಾಸಿನ ಮುಖ ಅರಳಿತು. "ದೋಷ ಏನಿದ್ರೂ ಆ ಮಷೀನಿಗೆ." ಆಮೇಲೆ ಯಾಕೋ ಕನಿಕರ ಬಂದು, ದನಿ ತಗ್ಗಿಸಿ ಹೇಳಿದರು: "ಪಾಪ, ಅದಕ್ಕೊಂದು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಬಿಡು."