ಅಳಿಸಿಕೊಂಡೇ ಒಯ್ದ ಕೂಸು

ನನ್ನ ಚೊಚ್ಚಲ ಹೆರಿಗೆ ಮಾನ್ವಿಯ ತವರಿನಲ್ಲಾಯಿತು. ಎಪ್ಪತ್ತರ ದಶಕದ ಕೊನೆ, ಹೆಣ್ಣು ಕೂಸು. ಅತ್ತಾಗ ಕೆಂಪಗೆ, ಚೆಂದ ಕಾಣುತ್ತಿತ್ತು. ಮೊಲೆಗೆ ಹಚ್ಚಿದರೆ ಎರಡು ಗುಟುಕಿಗೇ ತುಟಿ ನೀಲಿಯಾಗಿ ಬಿಟ್ಟುಬಿಡುತ್ತಿತ್ತು. ಅವ್ವ ದೃಷ್ಟಿ ತೆಗೆದಳು. ಬಾಯಿ ತೆರೆದು ಮಲಗಿದರೆ ಗಾಳಿ ಹೊಗುತ್ತದೆಂದು ಗದ್ದ ಒತ್ತಿ ಬಾಯಿ ಮುಚ್ಚಿಸಿದಳು. ಮುಚ್ಚಿಸಿದಾಗಲೆಲ್ಲ ಕೂಸು ಕಪ್ಪಿಟ್ಟು ಒದ್ದಾಡುತ್ತಿತ್ತು. ನಾನೂ ಒಂದೆರಡು ಸಲ ಮುಚ್ಚಿಸಿದ್ದೇನೆ. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮೂರನೇ ದಿನ ಕೂಸಿಗೆ ನೀರು ಎರೆಯಲು ಬಂದ ಮುದುಕಿ ರೂಢಿಯಂತೆ ಮೂಗಿಗೆ ಎಣ್ಣೆ ಬಿಟ್ಟಳು. ಎಣ್ಣೆ ಒಳಗಿಳಿಯದೆ ಹೊಳ್ಳೆಯಲ್ಲೇ ನಿಂತಿತು. ಇನ್ನೊಂದಕ್ಕೂ ಬಿಟ್ಟಳು, ಅದೂ ನಿಂತಿತು. ಊರಿನ ಅರ್ಧ ಕೂಸುಗಳಿಗೆ ಎರೆದವಳು ಎಣ್ಣೆ ಬಟ್ಟಲು ಕೆಳಗಿಟ್ಟಳು.

"ಯವ್ವಾ, ಈ ಕೂಸಿನ ಮೂಗಿಗೆ ಹಿಂದ ದಾರಿನೇ ಇಲ್ಲ. ಬಾಯಿಲೆ ಉಸಿರಾಡಾಕತ್ತದ. ಬಾಯಿ ಮುಚ್ಚಬ್ಯಾಡ್ರಿ, ಅಳ್ಲಿ. ಮೊದ್ಲ ರಾಯಚೂರಿಗೆ ನಡೀರಿ."

ಅಪ್ಪ, ನಾನು ಬಸ್ಸು ಹತ್ತಿದೆವು. ಕುಲುಕಾಟಕ್ಕೆ ಕೂಸಿಗೆ ನಿದ್ದೆ ಹತ್ತುತ್ತಿತ್ತು, ಬಾಯಿ ಮುಚ್ಚುತ್ತಿತ್ತು, ತುಟಿ ಕಪ್ಪಾಗುತ್ತಿತ್ತು. ನಾನು ಅಂಗಾಲು ಚಿವುಟಿ ಅಳಿಸುತ್ತಿದ್ದೆ. ಪಕ್ಕದ ಸೀಟಿನ ಹೆಂಗಸು ನೋಡಿ ನೋಡಿ ಸಿಟ್ಟಾದಳು.

"ತಾಯಿ ಇದ್ದೀಯೋ ರಾಕ್ಷಸಿ ಇದ್ದೀಯೋ? ಮೊಲಿ ಕೊಡು ಬೇ!"

"ಸುಮ್ಮನ ಕುಂದ್ರು! ಅತ್ರನ ಉಳೀತದ ಇದು!" ಎಂದು ಕಿರುಚಿದೆ. ಆಕೆ ನನ್ನ ಅವ್ವನ ವಯಸ್ಸಿನವಳು. ಹೆದರಿಕೆಯಲ್ಲಿ ನನಗೆ ಹಿರಿಯರು ಕಿರಿಯರು ತಿಳಿಯಲಿಲ್ಲ.

ದವಾಖಾನೆಯಲ್ಲಿ ಡಾಕ್ಟರು ಸಣ್ಣ ರಬ್ಬರ್ ನಳಿಗೆಯನ್ನು ಮೂಗಿಗೆ ಹಾಕಿ ನೋಡಿದರು. ಎರಡೂ ಕಡೆ ಮುಂದೆ ಹೋಗಲಿಲ್ಲ. ಹುಟ್ಟಿನಿಂದಲೇ ಹಿಂದೆ ಪೊರೆ ಮುಚ್ಚಿದೆ, ಆಪರೇಷನ್ ಮಾಡಿ ದಾರಿ ಬಿಡಿಸಬೇಕು ಎಂದರು.

"ಉಳೀತದೇನ್ರಿ?" ಎಂದು ಅಪ್ಪ ಕೇಳಿದ. ಡಾಕ್ಟರು ಒಪ್ಪಿಗೆ ಕಾಗದ ಮುಂದಿಟ್ಟರು. ದೇವದುರ್ಗದಲ್ಲಿದ್ದ ನನ್ನ ಗಂಡನಿಗೆ ಇನ್ನೂ ಸುದ್ದಿಯೇ ಮುಟ್ಟಿರಲಿಲ್ಲ. ಅಪ್ಪನೇ ಹೆಬ್ಬೆಟ್ಟು ಒತ್ತಿದ.

ಕೂಸನ್ನು ಆಪರೇಷನ್ನಿಗೆ ಒಯ್ದು ಬಾಗಿಲು ಹಾಕಿಕೊಂಡ ಸ್ವಲ್ಪ ಹೊತ್ತಿಗೆ ಒಳಗಿನ ಅಳು ನಿಂತಿತು. ಮದ್ದು ಕೊಟ್ಟು ಮಲಗಿಸಿರುತ್ತಾರೆ ಎಂದು ಅಪ್ಪ ಅಂದದ್ದು ಕೇಳಿಸಿತು. ನಂಬಿಕೆ ಬರಲಿಲ್ಲ. ಬಾಗಿಲಿಗೆ ಕಿವಿ ಹಚ್ಚಿ ಕೂತೆ.

ಎರಡು ದಿನದ ಮೇಲೆ, ಎರಡೂ ಹೊಳ್ಳೆಗೆ ನಳಿಗೆ ಇಟ್ಟಿದ್ದ ಕೂಸನ್ನು ನನ್ನ ಮಡಿಲಿಗೆ ಹಾಕಿ ಮೊಲೆ ಕೊಡು ಎಂದರು. ಕೊಟ್ಟೆ. ಹಿಡಿದದ್ದು ಬಿಡಲೇ ಇಲ್ಲ. ಅಳುವಿಲ್ಲ, ಒದ್ದಾಟವಿಲ್ಲ.

"ಸಿಸ್ಟರ್, ಕೂಸು ಹೋತ್ರೀ!" ಎಂದು ಚೀರಿದೆ.

ನರ್ಸಮ್ಮ ಓಡಿ ಬಂದು ಬಗ್ಗಿ ನೋಡಿದಳು.

"ಚೀರಬ್ಯಾಡ ಯವ್ವಾ. ಹೊಟ್ಟಿ ತುಂಬ ಕುಡಿಯಾಕತ್ತದ."