ಸೆಚೂರಾದ ಬಲಗಡೆ ಟರ್ಬೈನು

ಫೌಸ್ಟಿನೊ ಸಬೊಗಾಲ್ ಸೆಚೂರಾ ಯುದ್ಧನೌಕೆಯನ್ನು ಮೊದಲು ಕಂಡಾಗ ಅದಕ್ಕೆ ಹೊಟ್ಟೆಯಿತ್ತು, ತಲೆಯಿರಲಿಲ್ಲ. ಕಾಯಾವೊ ಬಂದರಿನ ಹಡಗುಕಟ್ಟೆಯಲ್ಲಿ ಅವನು ಕೊಳವೆ ಜೋಡಿಸುವ ಕೆಲಸಕ್ಕೆ ಆಗಷ್ಟೇ ಸೇರಿದ್ದ. ನಕ್ಷೆ ಇಟಲಿಯದು. ದೂರದ ಪಯಣಕ್ಕೆ ಎರಡು ಡೀಸೆಲ್ ಎಂಜಿನು, ಶತ್ರುವನ್ನು ಅಟ್ಟಿಸಿಕೊಂಡು ಹೋಗಲು ಎರಡು ಗ್ಯಾಸ್ ಟರ್ಬೈನು. ಆ ಸಪೂರ ಮೈಯ ತುಂಬ ಕ್ಷಿಪಣಿ, ಫಿರಂಗಿ. ಮನುಷ್ಯರ ಪಾಲಿಗೆ ಉಳಿದದ್ದು ಸಂದಿಗೊಂದಿ.

"ಇದನ್ನ ಬರೆದೋನು ಒಂದಿನಾನೂ ಇದರೊಳಗೆ ಮಲಗಿರಲ್ಲ ಬಿಡು," ಎಂದು ಜೊತೆಗಾರ ಒಲೆಗಾರಿಯೊ ನಗುತ್ತಿದ್ದ.

ಹಡಗು ನೀರಿಗಿಳಿದ ಮೇಲೆ ಇಬ್ಬರೂ ನೌಕಾಪಡೆ ಸೇರಿ ಅದರ ಎಂಜಿನು ಕೋಣೆಗೇ ಇಳಿದರು. ಸೆಚೂರಾ ಕದನವನ್ನು ಕಾಣಲಿಲ್ಲ. ಗಡಿಯುದ್ದಕ್ಕೂ ಗಸ್ತು ತಿರುಗಿತು, ಕದ್ದು ಮೀನು ಹಿಡಿಯುವವರನ್ನು ಓಡಿಸಿತು, ಭೂಮಿ ನಡುಗಿದಾಗ ದಕ್ಷಿಣದ ಊರುಗಳಿಗೆ ಅಕ್ಕಿ, ನೀರು ಹೊತ್ತಿತು. ಹೀಗೇ ವರ್ಷಗಳು ಉರುಳಿದವು. ಅಷ್ಟರಲ್ಲಿ ಒಲೆಗಾರಿಯೊ ಶ್ವಾಸಕೋಶ ಕೆಟ್ಟು ತೀರಿಕೊಂಡ. ಟರ್ಬೈನಿನ ಕೂಗು ಫೌಸ್ಟಿನೊನ ಎಡಗಿವಿಯನ್ನು ಪೂರ್ತಿ ತಿಂದು ಬಲಗಿವಿಗೆ ಬಾಯಿ ಹಾಕಿತ್ತು.

ಒಂದು ಬೆಳಿಗ್ಗೆ ಕ್ಯಾಪ್ಟನ್ ಅರ್ಬುಲು ಅವನ ಬಲಗಡೆಗೇ ಬಂದು ನಿಂತ.

"ಬಲಗಡೆ ಟರ್ಬೈನು ಬಿಚ್ಚಬೇಕು ಮೇಸ್ತ್ರಿ. ಪರಾಕಾಸ್‌ದು ಕೆಟ್ಟಿದೆ." ಪರಾಕಾಸ್ ಅದೇ ನಕ್ಷೆಯ ಇನ್ನೊಂದು ಹಡಗು.

"ಮತ್ತೆ ಇದಕ್ಕೆ?"

"ಇದಕ್ಕಿನ್ನೇನೂ ಬೇಡ."

"ದಡದಲ್ಲಿ ನಿಲ್ಸಿ ಮಕ್ಕಳಿಗೆ ತೋರಿಸ್ಬೋದಲ್ಲ ಸಾರ್? ಬಂದರಲ್ಲಿ ಆ ಹಳೇ ಸಬ್‌ಮರೀನ್ ಇಟ್ಟಿದಾರಲ್ಲ, ಹಾಗೆ."

"ಎಷ್ಟು ಅಂತ ತೋರಿಸ್ತೀರಿ ಮೇಸ್ತ್ರಿ," ಎಂದ ಕ್ಯಾಪ್ಟನ್. ಗದರಲಿಲ್ಲ.

ಹರೆಯದಲ್ಲಿ ತಾನೇ ಜೋಡಿಸಿದ ಕೊಳವೆಗಳನ್ನು ಫೌಸ್ಟಿನೊ ತಾನೇ ಕತ್ತರಿಸಿದ. ಟರ್ಬೈನಿನ ಹಿಂದೆಯೇ ಅವನನ್ನೂ ಕ್ಯಾಪ್ಟನ್ ಅರ್ಬುಲುವನ್ನೂ ಪರಾಕಾಸ್‌ಗೆ ವರ್ಗ ಮಾಡಿದರು.

ಸುದ್ದಿ ತಂದವಳು ಹೆಂಡತಿ ಎಲ್ವೀರಾ, ಮೀನು ಮಾರುವವರ ಬಾಯಿಂದ. "ಸೆಚೂರಾನ ಸಮುದ್ರಕ್ಕೆ ಎಳ್ಕೊಂಡು ಹೋಗಿ ಗುರಿ ಅಭ್ಯಾಸಕ್ಕೆ ಹೊಡೆದು ಮುಳುಗಿಸ್ತಾರಂತೆ. ಹೊಡೆಯೋದು ಪರಾಕಾಸ್ ಅಂತೆ. ನೀನು ಹೋಗ್ಬೇಡ, ಮೈ ಸರಿ ಇಲ್ಲ ಅನ್ನು."

"ನಾ ಹೋಗ್ದಿದ್ರೆ ಮುಳುಗ್ಸೋದು ಬಿಡ್ತಾರಾ?"

"ಬಿಡಲ್ಲ. ನೀನಾದ್ರೂ ನೋಡೋದು ತಪ್ಪುತ್ತೆ."

ಅವನು ಹೋದ. ಪರಾಕಾಸ್ ಆ ಟರ್ಬೈನಿನ ಬಲದಲ್ಲೇ ಓಡಿತು. ಕ್ಷಿಪಣಿ ಹಾರಿದ್ದು ಅವನಿಗೆ ಕೇಳಿಸಲಿಲ್ಲ. ಕಾಲಡಿಯ ಉಕ್ಕು ಒಮ್ಮೆ ನಡುಗಿತು. ಮೇಲೆ ಬಂದು ನೋಡಿದರೆ ಸೆಚೂರಾ ಹೊಗೆಯಾಡುತ್ತ, ಬಲಕ್ಕೆ ವಾಲಿಕೊಂಡು ಇನ್ನೂ ತೇಲುತ್ತಿತ್ತು. ಮತ್ತೆ ಹೊಡೆದರು. ಆಮೇಲೆ ಫಿರಂಗಿಯಿಂದ ಹೊಡೆದರು. ಮಧ್ಯಾಹ್ನವೆಲ್ಲ ಹಾಗೇ ಕಳೆಯಿತು. ಕೊನೆಗೆ ಮೂತಿ ಮೇಲೆತ್ತಿ ಮುಳುಗಿದಾಗ ಸುತ್ತಲಿನ ನಾವಿಕ ಹುಡುಗರ ಬಾಯಿಗಳು ಒಟ್ಟಿಗೆ ತೆರೆದುಕೊಂಡವು.

"ಗಟ್ಟಿ ಹಡಗು ಮೇಸ್ತ್ರಿ!" ಅರ್ಬುಲು ಕಿವಿಯ ಹತ್ತಿರ ಕೂಗಿದ, ಹೊಗಳಿಕೆ ಎಂಬಂತೆ. ಫೌಸ್ಟಿನೊ ಎಂಜಿನು ಕೋಣೆಗೆ ಇಳಿದುಹೋದ.

ಮನೆಯಲ್ಲಿ ಎಲ್ವೀರಾ ಬಿಸಿ ಮೀನಿನ ಸಾರು ಮುಂದಿಟ್ಟಳು.

"ಬೇಗ ಸಾಯ್ಲಿಲ್ಲ ಅದು," ಎಂದ.

ಅವಳು ಒಲೆಯ ಕಡೆ ತಿರುಗಿ ಏನೋ ಹೇಳಿದಳು. ಅವನಿಗೆ ಕೇಳಿಸಲಿಲ್ಲ. ಏನೆಂದು ಕೇಳಲೂ ಇಲ್ಲ.

ಮರುವರ್ಷ ಪರಾಕಾಸನ್ನೂ ಹಾಗೇ ಮುಳುಗಿಸಲು ಎಳೆದುಕೊಂಡು ಹೋದರು. ಆ ಟರ್ಬೈನನ್ನು ಬಿಚ್ಚುವ ಗೋಜಿಗೆ ಯಾರೂ ಹೋಗಲಿಲ್ಲ. ಅದನ್ನು ಕೂರಿಸಲು ಅದೇ ನಕ್ಷೆಯ ಬೇರೆ ಹಡಗು ಉಳಿದಿರಲಿಲ್ಲ.