ಅಳತೆಗೆ ನಿಂತವಳು

ಹೊಟ್ಟೆಕಿಚ್ಚು ಪಡುವುದರಲ್ಲಿ ಹುನಗುಂದದ ಸತ್ಯವ್ವನನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಇದನ್ನು ಅವಳ ಎದುರಿಗೇ ಹೇಳಿದ್ದೇನೆ, ಅವಳು ನಕ್ಕಿದ್ದಾಳೆ, ಹಾಗಾಗಿ ಬರೆಯಲು ಅಡ್ಡಿಯಿಲ್ಲ. ಸಾಲೆಯಲ್ಲಿದ್ದಾಗ ನನ್ನ ಜಡೆ ತನ್ನದಕ್ಕಿಂತ ಉದ್ದವೆಂದು ನನ್ನೊಂದಿಗೆ ಮಾತು ಬಿಟ್ಟಿದ್ದವಳು ಅವಳು. ಮುಂದೆ ನಾನು ಇಳಕಲ್ಲಿನ ಬಸ್ ಸ್ಟ್ಯಾಂಡಿನ ಎದುರು ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದ ಖಾಸಿಂಸಾಬರ ಹೆಂಡತಿಯಾಗಿ ಬಂದೆ. ಅವಳು ಹುನಗುಂದದಲ್ಲೇ ಉಳಿದು ಖಣದ ಕುಪ್ಪಸ ಹೊಲಿಯತೊಡಗಿದಳು. ಸುಣ್ಣದ ಗೆರೆ ಎಳೆಯದೆ ಕಣ್ಣಳತೆಯಲ್ಲೇ ಬಟ್ಟೆ ಕತ್ತರಿಸುವಳು, ಒಂದು ನೂಲೂ ಆಚೀಚೆ ಆಗುತ್ತಿರಲಿಲ್ಲ.

ಅವಳಿಗೆ ಗೊತ್ತಾದ ಗಂಡು ಸೋದರತ್ತೆಯ ಮಗ ಕನಕಪ್ಪ. ಬೀರಪ್ಪನ ಒಕ್ಕಲಿನವರು, ಕುರಿ ಸಾಕಿದ ಮನೆತನ. ಇಬ್ಬರೂ ತೊಟ್ಟಿಲಲ್ಲಿದ್ದಾಗಲೇ ಹಿರಿಯರು ಮಾತಾಡಿ ಮುಗಿಸಿದ್ದರು. ಕನಕಪ್ಪ ಓದಿನಲ್ಲಿ ಚುರುಕು. ಹುಬ್ಬಳ್ಳಿಗೆ ಹೋಗಿ ಕಟ್ಟಡಗಳ ವಿನ್ಯಾಸ ಕಲಿಸುವ ಕೋರ್ಸಿಗೆ ಸೇರಿದ. ಓದು ಮುಗಿಯುತ್ತಲೇ ಮದುವೆ ಎಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ, ಎಪ್ಪತ್ತೊಂಬತ್ತರಲ್ಲಿ, ಯಾವುದೋ ಟ್ರಸ್ಟಿನವರು ಬೇರೆ ಬೇರೆ ಕಾಲೇಜುಗಳಿಂದ ಕೆಲವರನ್ನು ಆರಿಸಿ ಇಸ್ತಾಂಬುಲ್, ಅಥೆನ್ಸ್, ರೋಮ್, ಫ್ಲಾರೆನ್ಸುಗಳ ಹಳೆಯ ಕಟ್ಟಡ ನೋಡಲು ಕಳಿಸಿದರು. ಅದರಲ್ಲಿ ಕನಕಪ್ಪನೂ ಒಬ್ಬ.

ಅವನು ಹೋದ ದಿನದಿಂದ ಸತ್ಯವ್ವನಿಗೆ ನಿದ್ದೆಯಿಲ್ಲ. "ನಾ ಬಾಗಲಕೋಟಿ ದಾಟಿದಾಕಿ ಅಲ್ಲ. ಅಂವ ಸಮುದ್ರ ದಾಟ್ಯಾನ. ತಿರುಗಿ ಬಂದ ಮ್ಯಾಲೆ ನನ್ನ ಕಣ್ಣೆತ್ತಿ ನೋಡ್ತಾನೇನ?" ಎನ್ನುವಳು. ಊರುಗಳ ಮೇಲೂ ಹೊಟ್ಟೆಕಿಚ್ಚು ಪಡಬಹುದು ಎಂದು ನನಗೆ ಗೊತ್ತಾದದ್ದು ಆಗಲೇ. ರೋಮ್ ಎಂಬ ಹೆಸರು ಕಿವಿಗೆ ಬಿದ್ದರೆ ಸವತಿಯ ಹೆಸರು ಕೇಳಿದವಳ ಹಾಗೆ ಮೋರೆ ತಿರುಗಿಸುತ್ತಿದ್ದಳು.

ಹುಬ್ಬಳ್ಳಿಯ ಹಾಸ್ಟೆಲ್ಲಿಗೆ ರಜೆಯಿದ್ದುದರಿಂದ ಕನಕಪ್ಪ ಆ ದೇಶಗಳಲ್ಲೇ ತೊಳೆಸಿದ ಫೋಟೊಗಳ ಕಟ್ಟನ್ನು ಅಂಚೆಯಲ್ಲಿ ಸತ್ಯವ್ವನ ಮನೆಗೆ ಕಳಿಸಿದ. ಪರೀಕ್ಷೆಗೆ ಬೇಕಾದವು, ಜೋಪಾನ ಎಂದು ಚೀಟಿಯಿಟ್ಟಿದ್ದ. ಸತ್ಯವ್ವ ಕಟ್ಟು ಬಿಚ್ಚಿದಳು. ಮರುದಿನ ಮೊದಲ ಬಸ್ಸಿಗೇ ಇಳಕಲ್ಲಿಗೆ ಬಂದು ಅವನ್ನೆಲ್ಲ ನನ್ನ ಮುಂದೆ ಸುರಿದಳು.

"ನೋಡ, ಶಹರಬಾನು. ಒಂದೊಂದಾಗಿ ನೋಡ."

ನೋಡಿದೆ. ಕಂಬ, ಕಮಾನು, ಬಾಗಿಲು, ಮತ್ತೆ ಕಂಬ. ಪ್ರತಿಯೊಂದರ ಪಕ್ಕದಲ್ಲೂ ಅದೇ ಒಬ್ಬ ಹುಡುಗಿ. ಕುರ್ತಾ ತೊಟ್ಟು, ಕೈ ಎರಡೂ ಕೆಳಗೆ ಬಿಟ್ಟು, ಸಾಲೆಯ ಕವಾಯತಿಗೆ ನಿಂತವಳಂತೆ ನೆಟ್ಟಗೆ ನಿಂತಿದ್ದಳು.

ಫೋಟೊದವರ ಮನೆಯವಳು ನಾನು. ಕ್ಯಾಮೆರಾ ಹಿಡಿದವನು ಪ್ರೀತಿಸಿದ ಹುಡುಗಿ ಹೇಗೆ ನಿಲ್ಲುತ್ತಾಳೆಂದು ನನಗೆ ಗೊತ್ತು. "ಇಕಿ ಮಾರಿಯೊಳಗ ನಗುನೂ ಇಲ್ಲ, ನಾಚಿಕಿನೂ ಇಲ್ಲ. ಹಂಗೇನಿಲ್ಲ ಬಿಡು," ಎಂದೆ.

"ಎಲ್ಲಾ ಊರಾಗೂ ಇಕಿನ ಯಾಕ ಮತ್ತ? ಉಳಿದವ್ರು ಸತ್ತಿದ್ರೇನು?" ಎಂದು ಅವಳು ಅತ್ತಳು.

ಊರಿಗೆ ಹೋದವಳೇ ಮಾಡಿದ್ದೇನು ಗೊತ್ತೇ? ಕುಪ್ಪಸದ ಕತ್ತರಿ ತೆಗೆದುಕೊಂಡು ಪ್ರತಿ ಫೋಟೊದಿಂದಲೂ ಆ ಹುಡುಗಿಯನ್ನು ಕತ್ತರಿಸಿದಳು. ಕಂಬಕ್ಕೆ ಒಂದು ಗೀರು ಬೀಳದಂತೆ, ಕೂದಲಿನಿಂದ ಚಪ್ಪಲಿಯವರೆಗೆ. ಹುಡುಗಿಯರೆಲ್ಲ ಒಲೆಗೆ ಹೋದರು. ಸಿಟ್ಟಿಳಿದ ಮೇಲೆ ಅಂಜಿಕೆ ಹತ್ತಿತು. ಯಾಕೆಂದರೆ ನೆಗೆಟಿವ್‌ಗಳ ಚೀಲವನ್ನು ರೈಲಿನಲ್ಲಿ ಮರೆತು ಬಂದಿರುವುದಾಗಿಯೂ, ಉಳಿದದ್ದು ಈ ಫೋಟೊಗಳಷ್ಟೇ ಎಂದೂ ಕನಕಪ್ಪ ಮುಂಬಯಿಗೆ ಇಳಿದೊಡನೆ ಹೇಳಿ ಕಳಿಸಿದ.

"ಮದುವಿ ಮುರೀತು. ನೀ ಬಾ, ನನಗ ಒಬ್ಬಾಕಿಗೆ ಆಗೂದಿಲ್ಲ," ಎಂದು ಅವಳು ಕರೆಸಿಕೊಂಡಳು. ಹೋದೆ. ಕನಕಪ್ಪ ಬಂದ, ಚಹಾ ಕುಡಿದ, ಕಟ್ಟು ಬಿಚ್ಚಿದ. ಒಂದೊಂದು ಫೋಟೊದಲ್ಲೂ ಹೆಣ್ಣಿನ ಆಕಾರದ ಒಂದು ತೂತು.

ಅವನು ಬೆಳಕಿಗೆ ಹಿಡಿದು ನೋಡಿದ. ಜೇಬಿನಿಂದ ಅಳತೆಪಟ್ಟಿ ತೆಗೆದು ತೂತನ್ನು ಅಳೆದ. ಮುಖ ಅರಳಿತು.

"ಬರೋಬ್ಬರಿ ಕತ್ತರಿಸೀ ಸತ್ಯಾ. ನೆತ್ತಿಯಿಂದ ಕಾಲಿನ ತನಕ ಬರೋಬ್ಬರಿ. ಏನೂ ತೊಂದ್ರಿ ಇಲ್ಲ, ಲೆಕ್ಕಾ ಹತ್ತತೈತಿ."

ಆಮೇಲೆ ನಮಗೆ ತಿಳಿಸಿ ಹೇಳಿದ: ಬರಿಯ ಕಂಬದ ಚಿತ್ರ ನೋಡಿದರೆ ಅದು ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ, ಅದಕ್ಕೇ ಎತ್ತರ ಗೊತ್ತಿರುವ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸುತ್ತಾರೆ. ಎಲ್ಲ ಕಡೆಗೂ ಒಬ್ಬರೇ ಆದರೆ ಹೋಲಿಸಲು ಸುಲಭ.

"ಆಕಿ ಹೆಸರೇನು?" ಸತ್ಯವ್ವ ಕೇಳಿದಳು.

ಕನಕಪ್ಪ ತಲೆ ಕೆರೆದುಕೊಂಡ. "ಬಡೋದಾ ಕಾಲೇಜಿನಾಕಿ... ಏನೋ ಇತ್ತು. ಐದಡಿ ಎರಡಿಂಚು."

ನಾನು ನಕ್ಕೆ. ಸತ್ಯವ್ವ ನಗಲಿಲ್ಲ. ಆ ಗಳಿಗೆಯಲ್ಲಿ ಅವಳಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಅಷ್ಟು ಹೊತ್ತು ಒಬ್ಬಳನ್ನು ಎದುರಿಗೆ ನಿಲ್ಲಿಸಿಕೊಂಡೂ ಹೆಸರು ನೆನಪಿಟ್ಟುಕೊಳ್ಳದವನು ತನ್ನನ್ನು ಹೇಗೆ ನೋಡಿಯಾನು ಎಂಬುದು ಅವಳಿಗೆ ಅಂದೇ ಹೊಳೆದಿರಬೇಕು.

ಮದುವೆ ಆಯಿತು. ಕನಕಪ್ಪ ಇಳಕಲ್ಲಿನಲ್ಲೇ ಮನೆ ಮಾಡಿ, ಮನೆಗಳ ನಕ್ಷೆ ಬರೆಯುವ ಕಚೇರಿ ತೆರೆದ. ರವಿವಾರ ಬಂದರೆ ಬಾದಾಮಿ, ಮಹಾಕೂಟದ ಗುಡಿಗಳನ್ನು ಅಳೆಯುವುದು. ಜೊತೆಗೆ ಸತ್ಯವ್ವ ಹೋಗಲೇಬೇಕು, ಕಂಬದ ಪಕ್ಕ ನಿಲ್ಲಬೇಕು. ತೊಳೆಯಲು ಫಿಲ್ಮಿನ ಸುರುಳಿಗಳು ನಮ್ಮ ಸ್ಟುಡಿಯೊಕ್ಕೇ ಬರುತ್ತಿದ್ದವು. ಹೊಸ ಸೀರೆ, ಮುಡಿದ ಹೂವು, ಹಚ್ಚಿದ ಕಾಡಿಗೆ ಯಾವುದೂ ಆ ಚಿತ್ರಗಳಲ್ಲಿ ಕಾಣುತ್ತಿರಲಿಲ್ಲ. ಕಲ್ಲಿನ ಹೂಬಳ್ಳಿ ಮಾತ್ರ ಸ್ಪಷ್ಟ, ಅವಳ ಮುಖ ಮಸುಕು. ನನಗೆ ಮೈ ಉರಿಯುತ್ತಿತ್ತು.

"ಆ ಹುಡುಗಿ ಇದ್ರ ಜಗಳಾ ಆಡಬಹುದಿತ್ತು," ಎಂದಳೊಮ್ಮೆ. "ಕಂಬದ ಕೂಡ ಏನಂತ ಜಗಳಾ ಆಡ್ಲಿ? ನಾ ಅಂತೂ ಬಾದಾಮಿ ಗುಡಿ ಎಲ್ಲಾ ಬೀಳ್ಲಿ ಅಂತ ಬೇಡ್ಕೊಂಡೇನಿ."

ಎಂಬತ್ತೈದರ ದೀಪಾವಳಿಗೆ ಅವಳು ಒಬ್ಬಳೇ ಸ್ಟುಡಿಯೊಕ್ಕೆ ಬಂದಳು. "ಸಾಹೇಬ್ರ, ನನ್ನ ಮಾರಿ ಅಷ್ಟ ತಗೀರಿ. ಹಿಂದ ಏನೂ ಬ್ಯಾಡ," ಎಂದಳು. ನಮ್ಮವರು ಕಾರಂಜಿ ಬರೆದ ಪರದೆಯನ್ನೂ ಸರಿಸಿ, ದೀಪ ಹತ್ತಿರಕ್ಕೆ ತಂದು, ಸಮಾಧಾನದಿಂದ ತೆಗೆದರು. ಎಂಥ ಫೋಟೊ ಬಂತೆಂದರೆ, ಅದನ್ನು ದೊಡ್ಡದು ಮಾಡಿ, ಅವಳ ಒಪ್ಪಿಗೆ ಪಡೆದು, ಅಂಗಡಿಯ ಮುಂದಿನ ಗಾಜಿನ ಕಪಾಟಿನಲ್ಲಿಟ್ಟೆವು. ಬಸ್ಸಿಗೆ ಕಾಯುವವರೆಲ್ಲ ಅದರ ಮುಂದೆ ಬಂದು ನಿಲ್ಲತೊಡಗಿದರು.

ನಾಲ್ಕನೆಯ ದಿನ ಕನಕಪ್ಪ ಸುರುಳಿ ಕೊಡಲು ಬಂದ. ಕಪಾಟಿನ ಮುಂದೆ ಇಬ್ಬರು ಕಾಲೇಜು ಹುಡುಗರು ನಿಂತಿದ್ದರು. ಅವರೇನು ನೋಡುತ್ತಿದ್ದಾರೆಂದು ಇವನೂ ನೋಡಿದ, ಹಾಗೇ ನಿಂತುಬಿಟ್ಟ. ಹುಡುಗರು ಹೋದರು, ಇವನು ಹೋಗಲಿಲ್ಲ. ಆಮೇಲೆ ಒಳಗೆ ನುಗ್ಗಿದ.

"ಏನ್ರಿ ಖಾಸಿಂಸಾಬ! ನನ್ನ ಹೇಣ್ತಿ ಮಾರಿ ಬಜಾರದಾಗ ಇಟ್ಟೀರಿ? ಬಂದವ್ರು ಹ್ವಾದವ್ರು ನೋಡಾಕ? ಈಗಿಂದೀಗ ತಗೀರಿ!"

"ಆಕಿನ್ನ ಕೇಳಿ ತಗೀತೇವಿ," ಎಂದೆ ನಾನು.

ಅವನು ಸುರುಳಿಯನ್ನು ಮೇಜಿನ ಮೇಲೆ ಮರೆತು ಹೋದ. ಹೋಗುವಾಗ ಕಪಾಟಿನ ಮುಂದೆ ಮತ್ತೆ ನಿಂತ. ಪಕ್ಕಕ್ಕೆ ಬಂದವನೊಬ್ಬನನ್ನು ದುರುಗುಟ್ಟಿ ನೋಡಿ ಅಟ್ಟಿದ.

ಸಂಜೆ ಸತ್ಯವ್ವನಿಗೆ ಎಲ್ಲ ಹೇಳಿದೆ. ಫೋಟೊವನ್ನು ಕಪಾಟಿನಿಂದ ತೆಗೆದುಬಿಡಲೇ ಎಂದು ಕೇಳಿದೆ.

"ಇರ್ಲಿ ಬಿಡು," ಎಂದಳು. "ಖರೇನ ಸಿಟ್ಟಾಗಿದ್ರೇನ?"

"ಭಾಳ. ಮಾರಿ ಕೆಂಪಗಾಗಿತ್ತು."

ಅವಳು ನನ್ನ ಹತ್ತಿರಕ್ಕೆ ಸರಿದು ಕೂತಳು. "ಮತ್ತೊಮ್ಮೆ ಹೇಳ, ಶಹರಬಾನು," ಎಂದಳು. "ಮೊದಲಿಂದ ಹೇಳ."